ಒತ್ತೆಗೆ ಬಂದ ಮಿಷನ್

ಕತ್ತರಿಯಕ್ಕನಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದ್ದರೆ ಆ ಬೀದಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಪ್ರಾರ್ಥನೆ ತಪ್ಪಿಸದವಳು, ಅತ್ತೆಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವಳು, ಹೊಲಿದು ಮಿಕ್ಕ ಬಟ್ಟೆಯನ್ನು ಮಡಿಸಿ ಗಿರಾಕಿಯ ಕೈಗೇ ವಾಪಸು ಕೊಡುವವಳು. ಮಿಕ್ಕ ಬಟ್ಟೆ ವಾಪಸು ಕೊಡುವ ಟೈಲರನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ಹೇಳಿ, ನಾವೂ ಹೋಗಿ ನೋಡಿಕೊಂಡು ಬರೋಣ. ಅಂಥವಳಿಗೂ ಹೊಟ್ಟೆಕಿಚ್ಚು ಇತ್ತು. ಒಳ್ಳೆಯವರಿಗೆ ಅದು ಬರಬಾರದು ಎಂದು ಕಾಯಿದೆಯೇನೂ ಇಲ್ಲವಲ್ಲ. ಬಂದಾಗ ಅದನ್ನು ಎಲ್ಲಿ ಬಚ್ಚಿಡಬೇಕು ಎಂದು ಪಾಪ ಅವರಿಗೆ ತೋಚುವುದಿಲ್ಲ, ಅಷ್ಟೇ.

ಅವಳಿಗೆ ಹೊಟ್ಟೆಕಿಚ್ಚು ಇದ್ದದ್ದು ಮಹಡಿಯ ಮೇಲಿನ ವಾರಗಿತ್ತಿಯ ಮೇಲೆ. ಕೆಳಗಿನ ಮನೆಯಲ್ಲಿ ಕತ್ತರಿಯಕ್ಕ, ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ, ಕಿವಿ ಸ್ವಲ್ಪ ಮಂದವಾದ ಅತ್ತೆ. ಮೇಲಿನ ಮನೆಯಲ್ಲಿ ಮೈದುನ ಮತ್ತು ಅವನ ಹೆಂಡತಿ, ಎಲ್ಲರ ಬಾಯಲ್ಲಿ ಚಿಕ್ಕವಳು. ಮೈದುನ ವ್ಯಾನಿನಲ್ಲಿ ಅಂಗಡಿಗಳಿಗೆ ಸಾಮಾನು ತಲುಪಿಸುವವನು. ಮೇಲೆ ಹೋಗುವ ಮೆಟ್ಟಿಲು ಕತ್ತರಿಯಕ್ಕನ ಮುಂಗೋಣೆಯ ಬಾಗಿಲಿಗೆ ಅಂಟಿಕೊಂಡೇ ಇತ್ತು. ಆ ಮುಂಗೋಣೆಯಲ್ಲೇ ಅವಳ ಹೊಲಿಗೆ: ಗೋಡೆ ಉದ್ದಕ್ಕೂ ಕತ್ತರಿಸುವ ಮೇಜು, ಕಿಟಕಿಯ ಬೆಳಕಿಗೆ ಮಿಷನ್, ಮೂಲೆಯಲ್ಲಿ ಗಿರಾಕಿಗಳು ಹಾಕಿ ನೋಡಲು ಒಂದು ಪರದೆ, ಪರದೆಯ ಹಿಂದೆ ಒಂದು ಕನ್ನಡಿ. ಅವಳ ಹಾಗೆ ಬಟ್ಟೆ ಕತ್ತರಿಸುವವರು ಸುತ್ತಮುತ್ತ ಇರಲಿಲ್ಲ. ಸೀಮೆಸುಣ್ಣದ ಗೆರೆ ಎಳೆಯದೆ ನೇರ ಕತ್ತರಿ ಆಡಿಸುತ್ತಿದ್ದಳು. ಹೆಸರು ಬಂದದ್ದು ಅದರಿಂದ. ನಾಲಿಗೆಯಿಂದ ಬಂತು ಎನ್ನುವವರೂ ಇದ್ದರು, ಅವರನ್ನು ಬಿಡಿ.

ಚಿಕ್ಕವಳು ಮದುವೆಯಾಗಿ ಬಂದಾಗ ತವರಿನಿಂದ ಒಂದು ಹೊಲಿಗೆ ಮಿಷನ್ ತಂದಿದ್ದಳು. ಮನೆಮಟ್ಟಿಗೆ ದಿಂಬಿನ ಚೀಲ, ಕಿಟಕಿ ಪರದೆ ಹೊಲಿದುಕೊಳ್ಳಲಿ ಬಿಡು ಎಂದು ಕತ್ತರಿಯಕ್ಕನೇ ಹಳೆಯ ದಾರದ ಉಂಡೆಗಳನ್ನು ಕೊಟ್ಟಳು. ಆಮೇಲೆ ಪಕ್ಕದ ಮನೆಯಾಕೆ ಮಗುವಿನ ಫ್ರಾಕು ಕೊಟ್ಟಳು. ಅವಳ ತಂಗಿ ಬಂದಳು. ತಂಗಿಯ ಸ್ನೇಹಿತೆ ಬಂದಳು. ಕತ್ತರಿಯಕ್ಕನ ಬಾಗಿಲ ಮುಂದೆ ಚಪ್ಪಲಿ ಸದ್ದಾಗುವುದು, ಅವಳು ತಲೆ ಎತ್ತುವುದು, ಸದ್ದು ನಿಲ್ಲದೆ ಮೆಟ್ಟಿಲು ಹತ್ತಿಬಿಡುವುದು. ಇದನ್ನು ಅನುಭವಿಸಿದವರಿಗೇ ಗೊತ್ತು. ಹಾದುಹೋದ ಒಂದೊಂದು ಹೆಜ್ಜೆಯೂ ತನ್ನ ಎದೆ ತುಳಿದುಕೊಂಡೇ ಹೋದಂತೆ ಅವಳಿಗೆ ಅನ್ನಿಸುತ್ತಿತ್ತು. ಬಾಯಲ್ಲಿ ಮಾತ್ರ, "ಹೂಂ, ಪಾಪ, ಕಲೀಲಿ" ಎನ್ನುತ್ತಿದ್ದಳು.

ಅದೂ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಕೋಟಿನ ವಿಷಯ. ಮೂಲೆಯ ಔಷಧಿ ಅಂಗಡಿಯಾಕೆಗೆ ಕತ್ತರಿಯಕ್ಕ ಒಂದು ಉಣ್ಣೆಯ ಕೋಟು ಹೊಲಿದುಕೊಟ್ಟಿದ್ದಳು. ಕಾಲರು ಒಂದು ಕಡೆ ಎದ್ದು ನಿಲ್ಲುತ್ತದೆ ಎಂದು ಆಕೆ ಒಮ್ಮೆ ಗೊಣಗಿದ್ದಳು. ನೀವು ಕುತ್ತಿಗೆ ವಾರೆ ಮಾಡಿ ನಡೆಯುತ್ತೀರಿ, ಕೋಟು ಏನು ಮಾಡೀತು ಎಂದು ಕತ್ತರಿಯಕ್ಕ ನಗಿಸಿ ಕಳಿಸಿದ್ದಳು. ಕೆಲವು ದಿನಗಳ ಮೇಲೆ ಅದೇ ಕೋಟು ಬೀದಿಯಲ್ಲಿ ಎದುರಾಯಿತು. ಮೈ ತಾನು ಹೊಲಿದದ್ದು. ಕಾಲರು ತನ್ನದಲ್ಲ. ಕುತ್ತಿಗೆಯ ಸುತ್ತ ಎಷ್ಟು ಹದವಾಗಿ ಕೂತಿತ್ತು ಎಂದರೆ ಔಷಧಿ ಅಂಗಡಿಯಾಕೆಯ ಮುಖಕ್ಕೇ ಒಂದು ಕಳೆ ಬಂದಿತ್ತು. ಯಾರು ಮಾಡಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆಕೆಯೇ ಹಲ್ಲು ಬಿಟ್ಟು ಹೇಳಿದಳು: ನಿಮ್ಮ ವಾರಗಿತ್ತಿ, ಒಂದೇ ಮಧ್ಯಾಹ್ನದಲ್ಲಿ ಕೂರಿಸಿಕೊಟ್ಟಳು.

ಕತ್ತರಿಯಕ್ಕ ಅವತ್ತು ಊಟಕ್ಕೆ ಕೂತು ಎದ್ದಳು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ. ತನ್ನ ಕೆಲಸವನ್ನು ಬಿಚ್ಚಿ, ಸರಿ ಮಾಡಿ, ಅದರ ಬಗ್ಗೆ ತನಗೊಂದು ಮಾತೂ ಹೇಳದೆ, ದಿನಾ ಎದುರು ಸಿಕ್ಕಾಗ ಅಕ್ಕಾ ಅಕ್ಕಾ ಎಂದು ಬೆಣ್ಣೆಯಂತೆ ಮಾತಾಡುವವಳ ಮೇಲೆ ಅವಳಿಗೆ ಉರಿದ ಉರಿ ಅಷ್ಟಿಷ್ಟಲ್ಲ.

ಆ ಉರಿ ಆರುವ ಮೊದಲೇ ಮೈದುನನ ವ್ಯಾನು ಕೆಟ್ಟಿತು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಕಾಂಪೌಂಡ್ ಗೋಡೆಗೆ ಗುದ್ದಿತ್ತು. ಜೀವಕ್ಕೇನೂ ಆಗಲಿಲ್ಲ, ಆದರೆ ವ್ಯಾನಿನ ಇಂಜಿನ್ನು ಮತ್ತು ಪರರ ಗೋಡೆ ಎರಡಕ್ಕೂ ದುಡ್ಡು ಬೇಕಿತ್ತು. ಬ್ಯಾಂಕಿನವರು ಕೊಡುತ್ತಿದ್ದರು. ಆದರೆ ಬ್ಯಾಂಕಿನವರು ಬಡ್ಡಿ ಹಾಕುತ್ತಾರೆ, ಈ ಮನೆಯವರಿಗೆ ಬಡ್ಡಿ ನಿಷಿದ್ಧ. ತಿನ್ನುವುದೂ ಪಾಪ, ತಿನ್ನಿಸುವುದೂ ಪಾಪ. ಅವರ ಶಾಸ್ತ್ರದಲ್ಲಿ ಹಾಗೆ ಬರೆದಿದೆ. ಅವರ ತಾತನ ಕಾಲದಿಂದ ಯಾರೂ ಮೀರಿಲ್ಲ. ಇದ್ದವರು ಇಲ್ಲದವರಿಗೆ ಬರಿ ಅಸಲಿಗೆ ಕೊಡಬೇಕು, ಕೊಟ್ಟಷ್ಟನ್ನೇ ವಾಪಸು ತೆಗೆದುಕೊಳ್ಳಬೇಕು.

ಆ ಮನೆಯಲ್ಲಿ ಇದ್ದವಳು ಕತ್ತರಿಯಕ್ಕ ಒಬ್ಬಳೇ. ಹೊಲಿಗೆಯಿಂದ ಕೂಡಿಟ್ಟದ್ದು ಸಾಕಷ್ಟಿತ್ತು. ಮೈದುನ ಕೆಳಗಿಳಿದು ಬಂದು ತಲೆ ತಗ್ಗಿಸಿ ಕೂತ. ಹಿಂದೆ ಚಿಕ್ಕವಳು ನಿಂತಿದ್ದಳು. ಕತ್ತರಿಯಕ್ಕ ಕೊಡುತ್ತೇನೆ ಎಂದಳು. ಅವಳಿಗೆ ಇಲ್ಲ ಎನ್ನುವ ಮನಸ್ಸು ನಿಜವಾಗಿಯೂ ಬರಲಿಲ್ಲ, ಇದನ್ನೂ ಹೇಳಬೇಕು. ಮನೆಯ ದೊಡ್ಡ ಸಾಲವಾದರೆ ಒತ್ತೆ ಇಡುವುದು ಅವರಲ್ಲಿ ಪದ್ಧತಿ. ಚಿಕ್ಕವಳು ಕೈಯಲ್ಲಿದ್ದ ಚಿನ್ನದ ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

ಕತ್ತರಿಯಕ್ಕ ಬಳೆ ನೋಡಿದಳು, ಆ ಬಳೆ ಕಳಚಿದ ಕೈ ನೋಡಿದಳು. "ಬಳೆ ಹಾಕ್ಕೋ. ಬರಿಗೈಯಲ್ಲಿ ಯಾಕೆ ಓಡಾಡ್ತೀಯ?" ಎಂದಳು. "ಒತ್ತೆ ಅಂತ ಏನಾದ್ರೂ ಇರ್ಲೇಬೇಕಲ್ಲ, ನಿನ್ನ ಆ ಮಿಷನ್ ಇರಲಿ."

ಅತ್ತೆಯ ಮಂದ ಕಿವಿಗೂ ಅದು ಬಿತ್ತು. ಮುದುಕಿ ಕಣ್ಣೀರು ಹಾಕಿಕೊಂಡು ದೊಡ್ಡ ಸೊಸೆಯ ತಲೆ ಸವರಿದಳು. ಚಿನ್ನ ಬಿಟ್ಟು ಕಬ್ಬಿಣ ತೆಗೆದುಕೊಂಡಳು, ಯಾರು ಮಾಡುತ್ತಾರೆ ಈ ಕಾಲದಲ್ಲಿ! ಗಂಡನೂ ಹೆಮ್ಮೆಯಿಂದ ಗಂಟಲು ಸರಿ ಮಾಡಿಕೊಂಡ. ಚಿಕ್ಕವಳು ಬಳೆಗಳನ್ನು ನಿಧಾನವಾಗಿ ತಿರುಗಿ ಹಾಕಿಕೊಂಡಳು. ಸಂಜೆಯೊಳಗೆ ಮಿಷನ್ ಕೆಳಗಿಳಿದು ಬಂತು. ಅತ್ತೆಯ ಮಂಚದ ಪಕ್ಕ, ಹಳೆಯ ಹೊದಿಕೆಯ ಕೆಳಗೆ, ಗೋಡೆಗೆ ಮುಖ ಮಾಡಿ ಕೂತಿತು.

ಒತ್ತೆ ಇಟ್ಟುಕೊಂಡ ವಸ್ತುವನ್ನು ಸಾಲ ಕೊಟ್ಟವರು ಬಳಸುವ ಹಾಗಿಲ್ಲ. ಬಳಸಿದರೆ ಅದೇ ಬಡ್ಡಿ. ಕತ್ತರಿಯಕ್ಕ ಈ ನಿಯಮವನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದಳು. ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದ್ದ ವಾರದಲ್ಲೇ ಅವಳ ಸ್ವಂತ ಮಿಷನ್ನಿನ ಮೋಟಾರು ಸುಟ್ಟುಹೋಯಿತು. ಪಕ್ಕದ ಕೋಣೆಯಲ್ಲೇ ಚೆಂದದ ಮಿಷನ್ ಸುಮ್ಮನೆ ಕೂತಿತ್ತು. ಗಂಡ, ಎರಡು ದಿನದ ಮಟ್ಟಿಗೆ ಬಳಸಿಕೋ ಎಂದ. ಅವಳು ಕೆರಳಿದಳು. ಎಲ್ಲ ಮೂಟೆ ಕಟ್ಟಿಕೊಂಡು ಊರಾಚೆ ಪರಿಚಯದ ಟೈಲರ ಅಂಗಡಿಗೆ ಹೋಗಿ, ಅಲ್ಲಿ ಬಾಡಿಗೆ ಕೊಟ್ಟು ಹೊಲಿದು, ಸೊಂಟ ಹಿಡಿದುಕೊಂಡು ಬಂದಳು. ಸೊಂಟ ಹಿಡಿದುಕೊಂಡದ್ದು ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳಿದಳು. ಕೇಳದವರಿಗೂ ಹೇಳಿದಳು.

ಸುದ್ದಿ ಪ್ರಾರ್ಥನೆ ನಡೆಸುವ ಗುರುಗಳ ಕಿವಿಗೂ ಹೋಯಿತು. ವಾರದ ಪ್ರಾರ್ಥನೆಯ ಕೊನೆಗೆ ಅವರು ಬಡ್ಡಿಯ ಪಾಪದ ಬಗ್ಗೆ ಮಾತಾಡುತ್ತ, ನಮ್ಮ ನಡುವೆಯೇ ಒಬ್ಬ ತಾಯಿ ಇದ್ದಾರೆ, ಒತ್ತೆಯ ಮಿಷನ್ ಕಣ್ಣೆದುರಿಗಿದ್ದರೂ ಬೆರಳು ತಾಗಿಸಲಿಲ್ಲ ಎಂದರು. ಹೆಂಗಸರ ಸಾಲಿನಲ್ಲಿ ತಲೆಗಳೆಲ್ಲ ಕತ್ತರಿಯಕ್ಕನ ಕಡೆ ತಿರುಗಿದವು. ಅವಳು ನಾಚಿದಂತೆ ನೆಲ ನೋಡಿದಳು. ಹಿಂದಿನ ಸಾಲಿನಲ್ಲಿ ಚಿಕ್ಕವಳೂ ಕೂತಿದ್ದಳು. ಅವಳ ಕಡೆ ಯಾರೂ ತಿರುಗಲಿಲ್ಲ.

ಚಿಕ್ಕವಳು ಅಷ್ಟರಲ್ಲಿ ಲಾಂಡ್ರಿಗೆ ಕೆಲಸಕ್ಕೆ ಸೇರಿದ್ದಳು. ದಿನವಿಡೀ ನಿಂತು ಇಸ್ತ್ರಿ ಮಾಡುವುದು, ಕಿತ್ತುಹೋದ ಗುಂಡಿ ಹಾಕುವುದು. ಗಂಡನ ದುಡಿಮೆಯ ಜೊತೆ ಆ ಸಂಬಳ ಸೇರಿಸಿ ತಿಂಗಳು ತಿಂಗಳು ಸಾಲದ ಒಂದಿಷ್ಟು ಭಾಗ ಕೆಳಗೆ ಬರುತ್ತಿತ್ತು. ಕತ್ತರಿಯಕ್ಕ ಒಂದು ಸಲವೂ ಅವಸರ ಮಾಡಲಿಲ್ಲ. ನಿಧಾನವಾಗಿ ಕೊಡಿ, ನಮ್ಮದೇನು ಓಡಿಹೋಗುತ್ತದೆಯೇ ಎಂದು ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದಳು. ದೊಡ್ಡ ಮನಸ್ಸಿಗೆ ಕಾರಣವೂ ಇತ್ತು. ಬಾಗಿಲ ಮುಂದಿನ ಚಪ್ಪಲಿ ಸದ್ದು ಈಗ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳ ಬಾಗಿಲಲ್ಲೇ ನಿಲ್ಲುತ್ತಿತ್ತು. ಪಕ್ಕದ ಮನೆಯಾಕೆ ಬಂದಳು, ಅವಳ ತಂಗಿ ಬಂದಳು, ತಂಗಿಯ ಸ್ನೇಹಿತೆಯೂ ಬಂದಳು. ಕತ್ತರಿಯಕ್ಕ ಊಟ ರುಚಿಯಾಗಿದೆ ಎಂದು ತಾನು ಮಾಡಿದ ಅಡುಗೆಯನ್ನು ತಾನೇ ಹೊಗಳಿಕೊಳ್ಳತೊಡಗಿದಳು.

ಹೀಗಿರುವಾಗ ಔಷಧಿ ಅಂಗಡಿಯಾಕೆ ಮಗಳ ಮದುವೆ ಗೊತ್ತಾಯಿತೆಂದು ಬಂದಳು. ಮದುಮಗಳಿಗೆ ಒಂದು ಉದ್ದ ನಿಲುವಂಗಿ, ಅದರ ಮೇಲೆ ಒಂದು ಕೋಟು. ಇಂಥ ಬಟ್ಟೆ ಒಂದು ಸಲ ಹೊಲಿದರೆ ಆಮೇಲೆ ಊರಿನ ಮದುವೆಗಳೆಲ್ಲ ಹುಡುಕಿಕೊಂಡು ಬರುತ್ತವೆ. ಆಕೆ ದಂತದ ಬಣ್ಣದ ದುಬಾರಿ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು, ಜೊತೆಗೆ ತನ್ನ ಹಳೆಯ ಉಣ್ಣೆ ಕೋಟನ್ನೂ ಇಟ್ಟಳು. ಕಾಲರು ಮಾತ್ರ ಹೀಗೇ ಬರಬೇಕು. ನಿಮ್ಮ ವಾರಗಿತ್ತಿಯನ್ನು ಲಾಂಡ್ರಿಯಲ್ಲಿ ಕೇಳಿದೆ, ಮಿಷನ್ ಇಲ್ಲ, ಈ ಕೋಟು ಒಯ್ದು ತೋರಿಸಿ, ಅಕ್ಕನೇ ನನಗಿಂತ ಚೆನ್ನಾಗಿ ಹೊಲಿದುಕೊಡುತ್ತಾರೆ ಎಂದು ಅವಳೇ ಹೇಳಿ ಕಳಿಸಿದಳು ಎಂದಳು ಆಕೆ. ಮುಂದಿನ ವಾರ ಅಳತೆಗೆ ಮಗಳನ್ನು ಕರೆತರುತ್ತೇನೆ ಎಂದು ಹೇಳಿ ಹೋದಳು.

ಕತ್ತರಿಯಕ್ಕ ಮೊದಲು ಬೇರೆ ಬಟ್ಟೆಯಲ್ಲಿ ಮಾಡಿ ನೋಡಿದಳು. ಕಾಲರು ಸೆಟೆದುಕೊಂಡಿತು. ಒಳಗೆ ಕೊಡುವ ಗಟ್ಟಿ ಕ್ಯಾನ್ವಾಸು ಬದಲಿಸಿದಳು, ಜೋತುಬಿತ್ತು. ಇನ್ನೊಂದು ಮಾಡಿದಳು, ಅದು ಯಾವುದೋ ಕಚೇರಿಯ ಜವಾನನ ಕಾಲರಿನಂತೆ ಬಂತು. ಬೆವರು ಒರೆಸಿಕೊಂಡು ಬಾಗಿಲು ಹಾಕಿ, ಉಣ್ಣೆ ಕೋಟನ್ನು ತಿರುಗಿಸಿ ಚಿಕ್ಕವಳ ಕಾಲರನ್ನು ಒಂದು ಕಡೆಯಿಂದ ಬಿಚ್ಚಿದಳು.

ಒಳಗೆ ಕಂಡದ್ದನ್ನು ನೋಡಿ ಅವಳ ಕೈ ನಿಂತಿತು. ಕುತ್ತಿಗೆಯ ಕತ್ತರಿಕೆ ಎಡಗಡೆ ಹೆಚ್ಚು ಆಳಕ್ಕೆ ಹೋಗಿತ್ತು. ಬೆರಳಷ್ಟು. ಕತ್ತರಿಸಿದವಳು ತಾನು. ಔಷಧಿ ಅಂಗಡಿಯಾಕೆಯ ಕುತ್ತಿಗೆ ವಾರೆಯಾಗಿರಲಿಲ್ಲ, ತನ್ನ ಕತ್ತರಿ ವಾರೆಯಾಗಿತ್ತು. ಚಿಕ್ಕವಳು ಅದನ್ನು ಕಂಡಿದ್ದಾಳೆ, ಒಳಗಿಂದ ಒಂದು ಸಣ್ಣ ಪಟ್ಟಿ ಕೊಟ್ಟು ತುಂಬಿದ್ದಾಳೆ, ಹೊರಗೆ ಗೊತ್ತಾಗದ ಹಾಗೆ ಕೈಹೊಲಿಗೆ ಹಾಕಿದ್ದಾಳೆ, ಯಾರಿಗೂ ಹೇಳಿಲ್ಲ. ಕತ್ತರಿಯಕ್ಕನ ಮನಸ್ಸಿನಲ್ಲಿ ಒಂದು ಕ್ಷಣವಾದರೂ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಒಳ್ಳೆಯತನದಲ್ಲೂ ಇವಳು ನನಗಿಂತ ಮುಂದೆ ಹೋಗಿಬಿಟ್ಟಳಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಬಿಚ್ಚಿದ್ದನ್ನು ತಿರುಗಿ ಹೊಲಿದಳು. ಮೊದಲಿನ ಹಾಗೆ ಕೂರಲಿಲ್ಲ.

ಮರುದಿನ ಸಂಜೆ ಚಿಕ್ಕವಳು ಲಾಂಡ್ರಿಯಿಂದ ಬರುವಾಗ ಕತ್ತರಿಯಕ್ಕ ಬಾಗಿಲಲ್ಲೇ ಕಾದಿದ್ದು ಒಳಗೆ ಕರೆದಳು. ಕಾಫಿ ಕೊಟ್ಟಳು. ಅದೂ ಇದೂ ಮಾತಾಡಿದಳು. ಚಿಕ್ಕವಳ ಮುಂಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ತಾಗಿದ ಕಂದು ಗೆರೆಗಳಿದ್ದವು, ಕತ್ತರಿಯಕ್ಕ ಅವನ್ನು ನೋಡದ ಹಾಗೆ ನೋಡಿದಳು. ಕೊನೆಗೆ, ಹೀಗೊಂದು ಕಾಲರಿದೆ, ನನಗೆ ಪುರುಸೊತ್ತಿಲ್ಲ, ನೀನು ಒಂದು ಕೈ ಹಾಕಿಕೊಡು, ಬೇಕಾದರೆ ನಿನ್ನ ಮಿಷನ್ನಿನಲ್ಲೇ ಹಾಕು, ಹೊದಿಕೆ ತೆಗೆದುಕೊಡುತ್ತೇನೆ ಎಂದಳು.

ಚಿಕ್ಕವಳು ಉಣ್ಣೆ ಕೋಟನ್ನು ಕೈಗೆತ್ತಿಕೊಂಡಳು. ಕಾಲರಿನ ಮೇಲೆ ಬೆರಳು ಓಡಿಸಿದಳು. ಬಿಚ್ಚಿ ಹೊಲಿದ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಕೋಟು ಮಡಿಸಿ ಇಟ್ಟಳು.

"ಮಾಡ್ಕೊಡಬಹುದು ಅಕ್ಕ. ಆದ್ರೆ ಸಾಲ ಇನ್ನೂ ತೀರಿಲ್ಲವಲ್ಲ. ಸಾಲ ಇಟ್ಕೊಂಡು ನಾನು ನಿಮಗೆ ಕೆಲಸ ಮಾಡ್ಕೊಟ್ರೆ ಅದು ಬಡ್ಡಿ ಆಗಲ್ವಾ? ಗುರುಗಳು ನಿಮ್ಮನ್ನ ಅಷ್ಟು ಹೊಗಳಿದಾರೆ, ನನ್ನಿಂದ ಯಾಕೆ ನಿಮಗೆ ಕೆಟ್ಟ ಹೆಸರು?"

ಮಾತಿನಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಕತ್ತರಿಯಕ್ಕ ಕೂಲಿ ಕೊಡುತ್ತೇನೆ ಎಂದಳು. ಚಿಕ್ಕವಳು, ಸಾಲ ಇರುವಾಗ ನಾನು ನಿಮ್ಮ ಹತ್ತಿರ ನ್ಯಾಯವಾದ ಕೂಲಿ ಕೇಳಲು ಆಗುತ್ತದೆಯೇ, ಕಡಿಮೆ ಕೇಳಿದರೆ ಅದೂ ಬಡ್ಡಿ, ಬೇಕಿದ್ದರೆ ಗುರುಗಳನ್ನೇ ಕೇಳಿ ಎಂದು ಹೇಳಿ ಮೆಟ್ಟಿಲು ಹತ್ತಿ ಹೋದಳು.

ಕತ್ತರಿಯಕ್ಕ ಹೋದಳು. ಗುರುಗಳು ತನ್ನ ಪರವಾಗಿ ಒಂದು ಮಾತು ಹೇಳಿದರೆ ಚಿಕ್ಕವಳ ಬಾಯಿ ಕಟ್ಟುತ್ತದೆ, ಕಾಲರು ಆಗುತ್ತದೆ, ಮದುವೆಯ ಆರ್ಡರು ಕೈಯಲ್ಲಿ ಉಳಿಯುತ್ತದೆ. ಪ್ರಾರ್ಥನೆಯ ಹಾಲಿನಲ್ಲಿ ಬೆಳಿಗ್ಗೆ ಯಾರೂ ಇರಲಿಲ್ಲ. ಗುರುಗಳು ಪ್ಯಾಂಟಿನ ಅಂಚು ಮಡಚಿಕೊಂಡು ಸೋರುವ ನಲ್ಲಿಯ ಕೆಳಗೆ ಬಕೆಟ್ಟು ಇಡುತ್ತಿದ್ದರು. ಅವಳನ್ನು ಕಂಡು ಮುಖ ಅರಳಿಸಿದರು.

ಅವಳು ಸುತ್ತುಬಳಸಿ ಕೇಳಿದಳು. ಸಾಲ ತೆಗೆದುಕೊಂಡವರು ಸಾಲ ಕೊಟ್ಟವರಿಗೆ ಮನೆಮಟ್ಟಿಗೆ ಒಂದು ಸಣ್ಣ ಉಪಕಾರ ಮಾಡಿದರೆ ತಪ್ಪೇ? ಗುರುಗಳು ಕೈ ಒರೆಸಿಕೊಳ್ಳುತ್ತ ಉತ್ತರ ಕೊಟ್ಟರು. ಸಾಲಕ್ಕೆ ಮುಂಚೆಯೂ ಹಾಗೆ ಮಾಡಿಕೊಡುವ ರೂಢಿ ಇತ್ತಾದರೆ ತಪ್ಪಿಲ್ಲ. ಸಾಲದಿಂದ ಶುರುವಾದದ್ದಾದರೆ ಬಡ್ಡಿಯೇ. ಶಾಸ್ತ್ರ ದುಡ್ಡೋ ಕಾಳೋ ಎಂದು ನೋಡುವುದಿಲ್ಲ, ಸಾಲ ಇಲ್ಲದಿದ್ದರೆ ಇದು ಬರುತ್ತಿತ್ತೇ ಎಂದು ನೋಡುತ್ತದೆ.

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಹೊಗಳಿಸಿಕೊಂಡ ರುಚಿ ನಾಲಿಗೆಯ ಮೇಲಿತ್ತು, ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಆ ಮಿಷನ್ ಇವತ್ತಿನವರೆಗೂ ಮುಟ್ಟಿಲ್ಲ ಗುರುಗಳೇ, ನಿಮಗೇ ಗೊತ್ತಲ್ಲ ಎಂದಳು. ಅವಳ ಮಿಷನ್ ಮೇಲೆ ಒಂದು ಸೂಜಿಯನ್ನೂ ಇಟ್ಟಿಲ್ಲ ಎಂದಳು.

"ಅವಳ ಮಿಷನ್ನಾ?" ಗುರುಗಳು ಕೇಳಿದರು. "ನಾನು ನಿಮ್ಮ ಮೈದುನನ ಮನೇಲಿ ಸುಮ್ಮನೆ ಬಿದ್ದಿದ್ದ ಮಿಷನ್ ಅಂದ್ಕೊಂಡಿದ್ದೆ. ಆ ಹುಡುಗಿನೂ ಹೊಲೀತಿದ್ಲಾ?"

"ಹೊಲೀತಿದ್ಲು. ಸಣ್ಣಪುಟ್ಟದ್ದು."

"ಅವಳ ಹತ್ರ ಹೊಲಿಸ್ತಿದ್ದೋರು ಈಗ ಎಲ್ಲಿಗೆ ಹೋಗ್ತಾರೆ?"

ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಕತ್ತರಿಯಕ್ಕ ಅದನ್ನೇ ನೋಡುತ್ತ ನನ್ನ ಹತ್ತಿರ ಎಂದಳು. ಹೇಳಿದ ಕೂಡಲೇ, ಅವಳು ಬಳೆ ಕೊಡಲು ಬಂದಿದ್ದಳು, ನಾನೇ ಬೇಡ ಎಂದೆ, ಚಿನ್ನ ಬಿಟ್ಟವಳು ನಾನು ಎಂದು ಗಡಿಬಿಡಿಯಲ್ಲಿ ಸೇರಿಸಿದಳು.

"ಯಾಕೆ ಬೇಡ ಅಂದ್ರಿ ತಾಯಿ?"

ಅದಕ್ಕೆ ಅವಳ ಹತ್ತಿರ ಉತ್ತರ ಇತ್ತು. ಬಾಯಿಗೆ ತರುವಂಥದ್ದಾಗಿರಲಿಲ್ಲ. ಗುರುಗಳು ಬಕೆಟ್ಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. ಅವರ ಮುಖವೂ ಸಣ್ಣದಾಗಿತ್ತು. "ಪೂರ್ತಿ ವಿಚಾರಿಸದೆ ಎಲ್ಲರ ಮುಂದೆ ಹೊಗಳಿದ್ದು ನನ್ನ ತಪ್ಪು" ಎಂದರು. "ನೀವು ಮಿಷನ್ ಮುಟ್ಟಲಿಲ್ಲ, ನಿಜ. ಅವಳೂ ಮುಟ್ಟದ ಹಾಗೆ ಮಾಡಿದ್ರಿ. ಅದರಿಂದ ನಿಮಗೆ ಬಂದದ್ದನ್ನ ನಾನಂತೂ ಬಡ್ಡಿ ಅಂತೀನಿ. ಬೇರೆ ಗುರುಗಳು ಅಲ್ಲ ಅನ್ನಬಹುದು, ಬೇಕಾದ್ರೆ ಕೇಳಿ ನೋಡಿ. ಆದ್ರೆ ಬಳೆ ಯಾಕೆ ಬೇಡ ಅಂದ್ರಿ ಅನ್ನೋದನ್ನೂ ಅವರಿಗೆ ಹೇಳಿ ಕೇಳಿ."

ಬಡ್ಡಿ ತಿಂದವರು ಏನು ಮಾಡಬೇಕು ಎಂದು ಅವಳು ಕೇಳಲಿಲ್ಲ. ಅದು ಅವರಲ್ಲಿ ಮಕ್ಕಳಿಗೂ ಗೊತ್ತಿದ್ದ ವಿಷಯ. ಯಾರದೋ ಅವರಿಗೇ ವಾಪಸು ಕೊಡಬೇಕು, ಇಲ್ಲದಿದ್ದರೆ ಪ್ರಾರ್ಥನೆಗೆ ಕೂತೂ ಪ್ರಯೋಜನ ಇಲ್ಲ.

ದಾರಿಯುದ್ದಕ್ಕೂ ಅವಳು ಗುರುಗಳನ್ನು ಬೈದುಕೊಂಡಳು. ಇವರಿಗೇನು ಗೊತ್ತು ಹೊಲಿಗೆ, ನೆಟ್ಟಗೆ ಒಂದು ನಲ್ಲಿ ಸರಿ ಮಾಡಿಸಲು ಬಾರದವರು. ಆಮೇಲೆ ಚಿಕ್ಕವಳನ್ನು ಬೈದುಕೊಂಡಳು. ಬೇಕೆಂದೇ ನನ್ನನ್ನು ಗುರುಗಳ ಹತ್ತಿರ ಅಟ್ಟಿದಳು ಎಂದು ಅನ್ನಿಸಿತು. ಮನೆಯ ತಿರುವಿಗೆ ಬರುವಾಗ ಒಂದು ಒಳ್ಳೆಯ ಉಪಾಯವೂ ಹೊಳೆಯಿತು. ಮಿಷನ್ನನ್ನು ತಾನಾಗಿಯೇ, ಸಾಲ ತೀರುವ ಮೊದಲೇ, ದಯೆಯಿಂದ ವಾಪಸು ಕೊಟ್ಟಂತೆ ಕೊಡಬಹುದು. ಅತ್ತೆ ಇನ್ನೊಮ್ಮೆ ತಲೆ ಸವರುತ್ತಾಳೆ. ಬೀದಿಯವರು ಇನ್ನೊಮ್ಮೆ ಬಾಯಿ ತುಂಬ ಹೊಗಳುತ್ತಾರೆ. ಆ ಯೋಚನೆ ಅವಳಿಗೆ ಎಷ್ಟು ಹಿಡಿಸಿತೆಂದರೆ ನಾಲ್ಕು ಹೆಜ್ಜೆ ಹಗುರಾಗಿ ನಡೆದಳು. ಐದನೆಯದಕ್ಕೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ತಿಂದ ಬಡ್ಡಿಯನ್ನು ವಾಪಸು ಕೊಡುವಾಗಲೂ ಬಡ್ಡಿ ಕೇಳುವ ಬುದ್ಧಿ ಇದು ಎಂದು ಅವಳಿಗೇ ತಿಳಿಯಿತು.

ಸಂಜೆ ಗಂಡ ಕೆಲಸ ಮುಗಿಸಿ ಬಂದವನು ಬೂಟು ಬಿಚ್ಚುತ್ತಿದ್ದ. ಮಿಷನ್ ಮೇಲೆ ಎತ್ತಿಟ್ಟು ಬನ್ನಿ ಎಂದಳು. ಸಾಲ ತೀರಿತೇ ಎಂದು ಅವನು ಕೇಳಿದ. ಇಲ್ಲ ಎಂದಳು. ಮತ್ತೆ ಯಾಕೆ ಎಂದ. ಎತ್ತಿ ಅಂದೆನಲ್ಲ ಎಂದಳು. ಆ ಧ್ವನಿಗೆ ಎದುರಾಡಿ ಅವನಿಗೆ ಅಭ್ಯಾಸ ಇರಲಿಲ್ಲ. ಅವನು ಹೊದಿಕೆಯ ಸಮೇತ ಮಿಷನ್ ಹೊತ್ತು ಮುಂದೆ ಹತ್ತಿದ, ಅವಳು ದಂತದ ಬಣ್ಣದ ಬಟ್ಟೆಯ ಗಂಟು ಹಿಡಿದು ಹಿಂದೆ ಹತ್ತಿದಳು.

ಚಿಕ್ಕವಳು ಅಕ್ಕಿ ಆರಿಸುತ್ತಿದ್ದಳು. ಮೈದುನ ಇನ್ನೂ ಬಂದಿರಲಿಲ್ಲ. ಕಿಟಕಿಯ ಪಕ್ಕ ಮಿಷನ್ ಇದ್ದ ಜಾಗದಲ್ಲಿ ಏನೂ ಇಟ್ಟಿರಲಿಲ್ಲ. ಖಾಲಿ ಬಿಟ್ಟಿದ್ದಳು. ಗಂಡ ಅಲ್ಲೇ ಇಳಿಸಿ, ಹೆಂಗಸರ ನಡುವೆ ಏನೋ ಇದೆ ಎಂದು ವಾಸನೆ ಹಿಡಿದು, ಸದ್ದಿಲ್ಲದೆ ಕೆಳಗೆ ಹೋದ.

"ಸಾಲ ಇನ್ನೂ ಇದೆಯಲ್ಲ ಅಕ್ಕ."

"ಇರಲಿ. ಒತ್ತೆ ಬೇಡ." ಕತ್ತರಿಯಕ್ಕ ಗಂಟನ್ನು ಮಂಚದ ಮೇಲಿಟ್ಟಳು. ಹೇಳಬೇಕಾದದ್ದನ್ನು ಮೆಟ್ಟಿಲು ಹತ್ತುವಾಗಲೇ ಜೋಡಿಸಿಕೊಂಡಿದ್ದಳು, ಒಂದೇ ಉಸಿರಿಗೆ ಹೇಳಿದಳು. "ಮದುವೆ ಬಟ್ಟೆನೂ ನೀನೇ ಹೊಲಿ, ಔಷಧಿ ಅಂಗಡಿಯವರಿಗೆ ನಾನೇ ಹೇಳ್ತೀನಿ. ನಿನ್ನ ಗಿರಾಕಿಗಳನ್ನೆಲ್ಲ ಮೇಲೆ ಕಳಿಸ್ತೀನಿ. ಇಷ್ಟು ದಿನ ಅವರಿಂದ ಬಂದದ್ದನ್ನ ಉಳಿದ ಸಾಲದಲ್ಲಿ ಮುರ್ಕೋ. ನಾನು ತಿಂದದ್ದು ಬಡ್ಡಿ. ನಿನ್ನ ಕೈ ಕಂಡ್ರೆ ಹೊಟ್ಟೆಕಿಚ್ಚು ನನಗೆ. ಅದಕ್ಕೇ ಬಳೆ ಬೇಡ ಅಂದೆ."

ಹೇಳಿಬಿಟ್ಟು ಅವಳು ಚಿಕ್ಕವಳ ಮುಖ ನೋಡಿದಳು. ಅಯ್ಯೋ ಹಾಗೆಲ್ಲ ಅನ್ನಬೇಡಿ ಎಂದು ಚಿಕ್ಕವಳು ಎದ್ದು ಬಂದು ಕೈ ಹಿಡಿಯುತ್ತಾಳೆ, ಇಬ್ಬರೂ ಅಳುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದಳು. ಚಿಕ್ಕವಳು ಏಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಗೊತ್ತಿತ್ತು ಅಕ್ಕ" ಎಂದಳು. "ಬಳೆ ಬಿಟ್ಟು ಮಿಷನ್ ಕೇಳಿದಾಗ್ಲೇ ಗೊತ್ತಾಯ್ತು. ಅವತ್ತು ಮೇಲೆ ಬಂದು ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅಳ್ತಿದೀನಿ ಅಂತ ಇವರು ಅಂದ್ಕೊಂಡ್ರು. ಅಳ್ತಿರ್ಲಿಲ್ಲ, ನಗ್ತಿದ್ದೆ. ಊರಿಗೆಲ್ಲ ಹೊಲಿಯೋ ಕತ್ತರಿಯಕ್ಕನಿಗೆ ನನ್ನ ಕಂಡ್ರೆ ಭಯ. ಲಾಂಡ್ರೀಲಿ ನಿಂತು ನಿಂತು ಕಾಲು ಊದಿದಾಗೆಲ್ಲ ಅದನ್ನೇ ನೆನೆಸ್ಕೊಳ್ತಿದ್ದೆ. ಹೊಟ್ಟೆ ತುಂಬ್ತಿತ್ತು. ಔಷಧಿ ಅಂಗಡಿಯವರನ್ನ ಕೋಟಿನ ಸಮೇತ ನಿಮ್ಮ ಹತ್ರ ಕಳಿಸಿದ್ದೂ ಅದಕ್ಕೇ. ಆ ಕಾಲರ್ ನಿಮಗೆ ಬರಲ್ಲ ಅಂತ ಗೊತ್ತಿತ್ತು. ಬಿಚ್ಚಿ ನೋಡ್ತೀರಿ ಅಂತಾನೂ ಗೊತ್ತಿತ್ತು." ಅವಳು ಬಳೆಗಳನ್ನು ಮೊಣಕೈ ಕಡೆ ಸರಿಸಿಕೊಂಡಳು. "ಬಡ್ಡಿ ನಾನೂ ತಿಂದಿದೀನಿ. ಮುರಿದು ಕೊಡೋದೇನೂ ಬೇಡ."

ಕತ್ತರಿಯಕ್ಕ ಮಂಚದ ಅಂಚಿನಲ್ಲಿ ಕೂತಳು. ಕೋಪ ಬರಬೇಕಿತ್ತು. ಬಂದದ್ದು ಅದೇ ಹಳೆಯ ಉರಿ. ಇಷ್ಟು ತಿಂಗಳಿಂದ ತನ್ನ ಹೊಟ್ಟೆಕಿಚ್ಚು ಚಿಕ್ಕವಳಿಗೆ ಅರ್ಧ ಹೊಲಿದ ಬಟ್ಟೆಯ ಹಾಗೆ ಕಾಣುತ್ತಲೇ ಇತ್ತು, ದಾರವೆಲ್ಲ ಜೋತುಬಿದ್ದು. ಇವಳದ್ದು ನೋಡಿದರೆ ಒಂದೇ ಒಂದು ಹೊಲಿಗೆಯೂ ಹೊರಗೆ ಕಂಡಿಲ್ಲ. ಇದರಲ್ಲೂ ಇವಳೇ ಹೆಚ್ಚು ಎಂದು ಅವಳಿಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ನಗುವೂ ಬಂತು. ನಗಲಿಲ್ಲ.

ಚಿಕ್ಕವಳು ಎದ್ದು ಮಿಷನ್ನಿನ ಹೊದಿಕೆ ತೆಗೆದಳು. ಗಾಲಿ ತಿರುಗಿಸಿ ನೋಡಿ, ಎಣ್ಣೆ ಒಣಗಿದೆ ಎಂದಳು. ಆಮೇಲೆ ಗಂಟು ಬಿಚ್ಚಿ ಬಟ್ಟೆಯ ತುದಿಯನ್ನು ಬೆರಳ ನಡುವೆ ಉಜ್ಜಿದಳು. ಆ ಬೆರಳುಗಳನ್ನೇ ನೋಡುತ್ತಿದ್ದ ಕತ್ತರಿಯಕ್ಕ ಕೇಳಬಾರದು ಕೇಳಬಾರದು ಎಂದುಕೊಂಡೇ ಕೇಳಿದಳು.

"ಆ ಕಾಲರ್ ಹೇಗೆ ಹಾಕ್ತೀಯ? ನನಗೂ ತೋರಿಸಿಕೊಡು."

"ಈಗ ತೋರಿಸಿದ್ರೆ ಬಡ್ಡಿ ಆಗುತ್ತೆ" ಎಂದಳು ಚಿಕ್ಕವಳು, ಬಟ್ಟೆಯಿಂದ ಕಣ್ಣೆತ್ತದೆ. "ಸಾಲ ತೀರಲಿ ಅಕ್ಕ."

ಉಳಿದ ಸಾಲ ಬಿಟ್ಟೆ ಎನ್ನಲು ಕತ್ತರಿಯಕ್ಕ ಬಾಯಿ ತೆರೆದಳು. ಚಿಕ್ಕವಳು ತಲೆಯಾಡಿಸಿಬಿಟ್ಟಳು. ಬಿಡಬೇಡಿ, ಕೊಟ್ಟೇ ತೀರಿಸುತ್ತೇನೆ ಎಂದಳು. ಕಾಲರನ್ನು ಅಷ್ಟು ಸುಲಭಕ್ಕೆ ಕೊಡುವ ಮನಸ್ಸು ಅವಳಿಗೂ ಇರಲಿಲ್ಲ.

"ಹಾಗಾದ್ರೆ ಬೇಗ ತೀರಿಸು" ಎಂದಳು ಕತ್ತರಿಯಕ್ಕ. ಸಾಲ ಕೊಟ್ಟ ದಿನದಿಂದ ಅವಳು ಅವಸರ ಮಾಡಿದ್ದು ಅದೇ ಮೊದಲು. ಚಿಕ್ಕವಳು ಎಣ್ಣೆಯ ಡಬ್ಬಿ ಹುಡುಕುತ್ತ, ಮಿಷನ್ ಬಂತಲ್ಲ, ತಡವಾಗುವುದಿಲ್ಲ ಎಂದಳು. ಕತ್ತರಿಯಕ್ಕ ಕೆಳಗೆ ಹೋಗಲು ಎದ್ದವಳು ಎಣ್ಣೆ ಬಿಡುವ ತನಕ ಇದ್ದು ನೋಡೋಣ ಎಂದು ಮತ್ತೆ ಕೂತಳು.